ಸಾಲು ಬಿಟ್ಟು ಹೊರಬಂದವರು

ಕಥೆ ಬರೆಯುವ ನಾವು ಶೌರ್ಯವನ್ನು ಒಬ್ಬ ಮನುಷ್ಯನ ಎದೆಯೊಳಗೆ ಹುಡುಕುತ್ತೇವೆ. ನಮ್ಮ ಕಥೆಗಳ ವೀರ ಯಾವಾಗಲೂ ಒಂಟಿ. ಆದರೆ ರಣರಂಗದ ಸತ್ಯ ಬೇರೆಯೇ ಇದೆ.

1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾವನ್ನು 13ನೇ ಕುಮಾವೂಂ ಬೆಟಾಲಿಯನ್ನಿನ ಸುಮಾರು 120 ಸೈನಿಕರು ಕಾಯುತ್ತಿದ್ದರು. 16 ಸಾವಿರ ಅಡಿಗೂ ಮೀರಿದ ಎತ್ತರ, ಮೈ ಕೊರೆಯುವ ಚಳಿ. ನಡುವೆ ಬೆಟ್ಟ ಅಡ್ಡವಾಗಿದ್ದರಿಂದ ನಮ್ಮ ಫಿರಂಗಿಗಳ ನೆರವೂ ಅವರಿಗೆ ಸಿಗುವಂತಿರಲಿಲ್ಲ. ಚೀನೀ ಪಡೆ ಮೇಲಿಂದ ಮೇಲೆ ಎರಗಿತು. ನೂರಕ್ಕೂ ಹೆಚ್ಚು ಮಂದಿ ಅಲ್ಲೇ ಮಡಿದರು. ತೀವ್ರವಾಗಿ ಗಾಯಗೊಂಡ ಮೇಜರ್ ಶೈತಾನ್ ಸಿಂಗ್, ತಮ್ಮನ್ನು ಬಿಟ್ಟು ಹೋಗುವಂತೆ ಸಂಗಡಿಗರಿಗೆ ಹೇಳಿದರು. 1963ರಲ್ಲಿ ಅಲ್ಲಿಗೆ ಹೋದವರಿಗೆ ಹೆಪ್ಪುಗಟ್ಟಿದ ದೇಹಗಳು ಆಯುಧ ಹಿಡಿದ ಭಂಗಿಯಲ್ಲೇ ಸಿಕ್ಕವು.

ಇವರಲ್ಲಿ ಹೆಚ್ಚಿನವರು ಇಂದಿನ ಹರಿಯಾಣದ ಅಹೀರ ಕುಟುಂಬಗಳ ಮಕ್ಕಳು. ಭಾಷೆ ಒಂದು, ಸೀಮೆ ಒಂದು. ದೇಶ ಬಹಳ ದೊಡ್ಡದು. ಗುಂಡು ಹಾರುವ ಹೊತ್ತಿನಲ್ಲಿ ಸೈನಿಕನ ಕಣ್ಣಿಗೆ ಬೀಳುವುದು ಪಕ್ಕದವನ ಮುಖ ಮಾತ್ರ. ಅವನನ್ನು ಬಿಟ್ಟು ಓಡುವುದು ಸಾವಿಗಿಂತ ಕಷ್ಟವಾಗಿರಬೇಕು ಎಂದು ನಮಗನಿಸುತ್ತದೆ.

ಎಡ್ವರ್ಡ್ ಶಿಲ್ಸ್ ಮತ್ತು ಮೋರಿಸ್ ಜಾನೋವಿಟ್ಸ್ ಎಂಬ ಸಮಾಜಶಾಸ್ತ್ರಜ್ಞರು 1948ರಲ್ಲಿ ಇದೇ ಬಗೆಯ ಮಾತು ಹೇಳಿದರು. ಸೋಲು ಖಚಿತವಾದ ಮೇಲೂ ಜರ್ಮನ್ ಸೈನಿಕರು ಹೋರಾಡಿದ್ದು ಮುಖ್ಯವಾಗಿ ಹಿಟ್ಲರನ ಸಿದ್ಧಾಂತಕ್ಕಾಗಿ ಅಲ್ಲ, ಜೊತೆಯಲ್ಲಿ ಉಂಡು ಮಲಗಿದ ತಮ್ಮ ಸಣ್ಣ ಗುಂಪಿಗಾಗಿ ಎಂಬುದು ಅವರ ವಾದ. ಸಿದ್ಧಾಂತದ ಪಾತ್ರವನ್ನು ಅವರು ಕಡಿಮೆ ಅಂದಾಜು ಮಾಡಿದರೆಂದು ಮುಂದೆ ಕೆಲವು ಇತಿಹಾಸಕಾರರು ಆಕ್ಷೇಪಿಸಿದರು. ಆದರೂ ಒಡನಾಟದ ಬಲವನ್ನು ಅಲ್ಲಗಳೆಯುವುದು ಸುಲಭವಲ್ಲ.

ನಮ್ಮನ್ನು ಕಾಡುವ ಪ್ರಶ್ನೆ ಇಲ್ಲಿಯೇ ಇದೆ. ಈ ಬಲ ಒಳ್ಳೆಯದೇ?

1942ರ ಜುಲೈ 13. ಪೋಲೆಂಡಿನ ಯುಝೆಫುಫ್ ಎಂಬ ಊರು. ಜರ್ಮನಿಯ 101ನೇ ಮೀಸಲು ಪೊಲೀಸ್ ಬೆಟಾಲಿಯನ್ನಿನ ಸುಮಾರು 500 ಮಂದಿ ಸೇರಿದ್ದರು. ಹೆಚ್ಚಿನವರು ಹ್ಯಾಂಬರ್ಗಿನ ನಡುವಯಸ್ಸಿನ ಸಂಸಾರಸ್ಥರು. ಯಹೂದಿ ಹೆಂಗಸರು, ಮಕ್ಕಳು, ಮುದುಕರನ್ನು ಗುಂಡಿಕ್ಕಿ ಕೊಲ್ಲಬೇಕೆಂಬ ಆಜ್ಞೆಯನ್ನು ಮೇಜರ್ ಟ್ರಾಪ್ ಕಣ್ಣೀರು ತುಂಬಿಕೊಂಡು ಹೇಳಿದ. ಆಗದವರಲ್ಲಿ ವಯಸ್ಸಾದವರು ಹಿಂದೆ ಸರಿಯಬಹುದು ಎಂದೂ ಹೇಳಿದ. ಮುಂದೆ ಬಂದವರು ಹತ್ತು ಹನ್ನೆರಡು ಜನ. ಅವರಿಗೆ ಶಿಕ್ಷೆಯಾಗಲಿಲ್ಲ. ಸಂಜೆಯೊಳಗೆ ಸುಮಾರು 1,500 ಜೀವಗಳು ಹೋದವು.

1992ರಲ್ಲಿ ಈ ಪ್ರಕರಣದ ಬಗ್ಗೆ ಪುಸ್ತಕ ಬರೆದ ಕ್ರಿಸ್ಟೋಫರ್ ಬ್ರೌನಿಂಗ್ ಅನೇಕ ಕಾರಣಗಳನ್ನು ಕೊಡುತ್ತಾರೆ. ಅವುಗಳಲ್ಲಿ ಒಂದು ನಮ್ಮ ನಿದ್ದೆ ಕೆಡಿಸುತ್ತದೆ. ಹೊಲಸು ಕೆಲಸವನ್ನು ಗೆಳೆಯರ ತಲೆಗೆ ಕಟ್ಟಿ ತಾನು ಪಾರಾಗುವುದು ಸಂಗಡಿಗರಿಗೆ ಬಗೆಯುವ ದ್ರೋಹದಂತೆ ಅವರಿಗೆ ಕಂಡಿತ್ತು. ಹಿಂದೆ ಸರಿದವರಲ್ಲೂ ಅನೇಕರು 'ಇದು ಪಾಪ' ಎನ್ನಲಿಲ್ಲ, 'ನಾವು ದುರ್ಬಲರು' ಎಂದರು. ಪಾಪವೆಂದರೆ ಗೆಳೆಯರನ್ನು ನಿಂದಿಸಿದಂತಾಗುತ್ತಿತ್ತು.

ರೆಜಾಂಗ್ ಲಾದಲ್ಲಿ ಮನುಷ್ಯನನ್ನು ಎತ್ತರಕ್ಕೇರಿಸಿದ ಕಟ್ಟು ಯುಝೆಫುಫಿನಲ್ಲಿ ಅವನನ್ನು ಪಾತಾಳಕ್ಕೆ ಎಳೆಯಿತು. ಒಗ್ಗಟ್ಟು ಒಂದು ಶಕ್ತಿ ಮಾತ್ರ. ಅದು ಯಾವ ಕೆಲಸಕ್ಕೆ ಒದಗುತ್ತದೆ ಎಂದು ಕೇಳುವ ಹೊಣೆ ಸಾಲಿನಲ್ಲಿ ನಿಂತ ಪ್ರತಿಯೊಬ್ಬನದು.

ಸೈನಿಕರಲ್ಲದ ನಮಗೂ ಸಾಲುಗಳಿವೆ. ಜಾತಿಯ ಸಾಲು, ಜಮಾಅತ್ತಿನ ಸಾಲು, ಪಕ್ಷದ ಸಾಲು, ಓಣಿಯ ಸಾಲು. 'ನಮ್ಮವರು' ತಪ್ಪು ಮಾಡುತ್ತಿರುವಾಗ ಒಬ್ಬ ಹುಡುಗ ಸಾಲು ಬಿಟ್ಟು ಹೊರಬರುತ್ತಾನೆ ಎನ್ನೋಣ. ಅವನನ್ನು ನಾವು ಹೇಡಿ ಎನ್ನುತ್ತೇವೆಯೇ, ದ್ರೋಹಿ ಎನ್ನುತ್ತೇವೆಯೇ, ಅಥವಾ ಎದ್ದು ಹೋಗಿ ಅವನ ಪಕ್ಕದಲ್ಲಿ ನಿಲ್ಲುತ್ತೇವೆಯೇ?