ಕೊಟ್ಟದ್ದೇ ಉಳಿದದ್ದು

ಬಕ್ರೀದ್ ಯಾವ ಒಂದು ಋತುವಿಗೂ ಕಟ್ಟುಬಿದ್ದ ಹಬ್ಬವಲ್ಲ. ಚಂದ್ರನ ಲೆಕ್ಕದಲ್ಲಿ ನಡೆಯುವ ಅದು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಮಳೆ ಬೆಳೆಗಳನ್ನೂ ಒಂದು ಸುತ್ತು ನೋಡಿಬಿಡುತ್ತದೆ. ನಮ್ಮ ಮಾಯಸಂದ್ರದ ಸೀಮೆಗೆ ಅದು ರಾಗಿ ಕೊಯ್ಲಿನ ಚಳಿಯಲ್ಲೂ ಬಂದಿದೆ, ತೆಂಗಿನ ಬುಡಕ್ಕೆ ನೀರು ಸಾಲದ ಬಿರುಬೇಸಿಗೆಯಲ್ಲೂ ಬಂದಿದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಬೆಲೆ ಏರಿದ ವರ್ಷವೂ ಬಂದಿದೆ, ಇಳಿದ ವರ್ಷವೂ ಬಂದಿದೆ. ಬಂದಾಗಲೆಲ್ಲ ಅದು ಕೇಳುವ ಪ್ರಶ್ನೆ ಮಾತ್ರ ಒಂದೇ: ನನ್ನದು ಎಂದು ಬಿಗಿಹಿಡಿದಿರುವುದರಲ್ಲಿ ನೀನು ಯಾವುದನ್ನು ಬಿಡಬಲ್ಲೆ? ಈ ಪ್ರಶ್ನೆ ಈದ್ಗಾದಲ್ಲಿ ಸಾಲಾಗಿ ನಿಂತವರಿಗೆ ಮಾತ್ರ ಸಂಬಂಧಿಸಿದ್ದೆ? ಮನೆ, ಮಕ್ಕಳು, ತೋಟ, ಮಾನ ಎಂದು ಬದುಕು ಕಟ್ಟಿಕೊಂಡಿರುವ ನಮ್ಮೆಲ್ಲರದ್ದೂ ಅಲ್ಲವೆ?

ಈ ಹಬ್ಬದ ಹಿಂದಿರುವ ಪ್ರವಾದಿ ಇಬ್ರಾಹೀಮರ ಕಥೆ ನಮಗೆ ಹೊಸದಲ್ಲ. ಇಳಿವಯಸ್ಸಿನಲ್ಲಿ ಬೇಡಿ ಪಡೆದ ಮಗ. ಆ ಮಗ ತಂದೆಯ ಜೊತೆ ಓಡಾಡುವಷ್ಟು ಬೆಳೆದಾಗ ಬಿದ್ದ ಕನಸು. ಅವನನ್ನೇ ಒಪ್ಪಿಸಬೇಕೆಂಬ ಆದೇಶ. ಕಡೆಯ ಗಳಿಗೆಯಲ್ಲಿ ತಡೆದ ದೈವವಾಣಿ. ಮಗನಿಗೆ ಬದಲಾಗಿ ಬಂದ ಟಗರು. ಕುರ್‌ಆನ್ ಈ ಪ್ರಸಂಗದಲ್ಲಿ ಮಗನ ಹೆಸರು ಹೇಳುವುದಿಲ್ಲ. ಮುಸ್ಲಿಮರು ಅವನನ್ನು ಇಸ್ಮಾಯಿಲ್ ಎಂದೂ ಯೆಹೂದ್ಯರು ಮತ್ತು ಕ್ರೈಸ್ತರು ಇಸಾಕ್ ಎಂದೂ ನಂಬಿಕೊಂಡು ಬಂದಿದ್ದಾರೆ. ಹೆಸರು ಬೇರೆಯಾದರೂ ಮೂರು ಧರ್ಮಗಳು ತಲೆಬಾಗುವುದು ಒಬ್ಬನೇ ತಂದೆಗೆ, ಒಂದೇ ಸಂಕಟಕ್ಕೆ. ಇಬ್ರಾಹೀಮರು ಅದಕ್ಕೂ ಮೊದಲೇ ಹುಟ್ಟಿದ ನೆಲವನ್ನು ಬಿಟ್ಟವರು, ತಂದೆಯ ಮನೆಯ ಆಸರೆಯನ್ನು ಬಿಟ್ಟವರು, ಬೆಂಕಿಗೆ ಎಸೆದಾಗಲೂ ಅಂಜದವರು. ತನ್ನ ಪ್ರಾಣವನ್ನು ಕೊಡಲು ಸಿದ್ಧನಿದ್ದವನಿಗೆ ಪ್ರಾಣಕ್ಕಿಂತ ಹೆಚ್ಚಿನದೊಂದು ಮಡಿಲಿಗೆ ಬಂದಿತ್ತು. ಪರೀಕ್ಷೆ ಬಂದದ್ದು ಸರಿಯಾಗಿ ಅಲ್ಲಿಗೇ. ನಾವು ಯಾವುದನ್ನು ಬಿಡಬಲ್ಲೆವೋ ಅದನ್ನು ಬಿಟ್ಟು ತ್ಯಾಗಿಗಳೆನಿಸಿಕೊಳ್ಳುವುದು ಕಷ್ಟವೇನಲ್ಲ. ಯಾವುದನ್ನು ಬಿಟ್ಟರೆ ನಾವೇ ಉಳಿಯುವುದಿಲ್ಲ ಅನ್ನಿಸುತ್ತದೆಯೋ, ಅಲ್ಲಿಯೇ ನಮ್ಮ ಹಿಡಿತ ಎಷ್ಟೆಂಬುದು ತಿಳಿಯುತ್ತದೆ.

ಈ ಕಥೆಯ ನಡುವೆ ನಾವು ಅವಸರದಲ್ಲಿ ದಾಟಿಹೋಗುವ ಒಂದು ಮಾತುಕತೆಯಿದೆ. ಕುರ್‌ಆನಿನ 37ನೆಯ ಅಧ್ಯಾಯದಲ್ಲಿ ತಂದೆ ಕನಸನ್ನು ಮಗನೆದುರು ತೆರೆದಿಡುತ್ತಾನೆ; ನಿನಗೇನನ್ನಿಸುತ್ತದೆ ಎಂದು ಅವನನ್ನೇ ಕೇಳುತ್ತಾನೆ. ಆದೇಶದಂತೆ ನಡೆಯಿರಿ, ನಾನು ತಾಳ್ಮೆಯಿಂದ ಇರುವೆನೆಂದು ಮಗ ಒಪ್ಪುತ್ತಾನೆ. ದೇವರ ಅಪ್ಪಣೆಯೆಂದು ನಂಬಿದ ಮೇಲೂ ಮಗನ ಮನಸ್ಸನ್ನು ಕೇಳದೆ ಆ ತಂದೆ ಮುಂದೆ ಹೋಗಲಿಲ್ಲ. ನಾವು? ಅಣ್ಣ ಓದಲೆಂದು ತಂಗಿಯ ಶಾಲೆ ಬಿಡಿಸುತ್ತೇವೆ. ಮನೆತನದ ಮಾನಕ್ಕೆಂದು ಮಗಳ ಇಷ್ಟವನ್ನು ಅದುಮಿಡುತ್ತೇವೆ. ಮನೆಯ ಹೆಣ್ಣುಮಕ್ಕಳು ಎಲ್ಲರೂ ಉಂಡ ಮೇಲೆ ಮಿಕ್ಕದ್ದನ್ನು ಉಣ್ಣುವುದಕ್ಕೂ ತ್ಯಾಗವೆಂದೇ ಹೆಸರಿಟ್ಟು ಹೊಗಳುತ್ತೇವೆ. ಅವರನ್ನು ಕೇಳಿದವರು ಯಾರು? ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಂದ ಕಿತ್ತುಕೊಂಡದ್ದು ತ್ಯಾಗವಾಗುವುದಾದರೂ ಹೇಗೆ? ಆ ಮಗನ ಒಪ್ಪಿಗೆಯಲ್ಲಿಯೇ ಕಥೆಯ ಅರ್ಧ ತೂಕವಿದೆ. ಅಂದು ಒಪ್ಪಿಸಿಕೊಂಡವನು ತಂದೆಯೊಬ್ಬನೇ ಅಲ್ಲ. ಇಬ್ಬರೂ ಒಟ್ಟಿಗೆ ಶರಣಾದರು.

ಇನ್ನು ಇಸ್ಮಾಯಿಲನ ತಾಯಿ ಹಾಜಿರಾ. ಆಕೆಯನ್ನು ಮರೆತು ಈ ಹಬ್ಬವನ್ನು ಅರಿಯಲಾದೀತೆ? ಬೆಳೆಯಿಲ್ಲದ ಬರಡು ಕಣಿವೆ, ಬರಿದಾದ ನೀರಿನ ಚೀಲ, ಬಾಯಾರಿ ಅಳುವ ಹಸುಗೂಸು. ದೇವರು ಕೈಬಿಡುವುದಿಲ್ಲವೆಂದು ನಂಬಿದವಳು ಆಕೆ, ನಂಬಿದೆನೆಂದು ಕುಳಿತವಳಲ್ಲ. ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ ಏಳು ಬಾರಿ ಓಡಿದಳು. ಝಮ್‌ಝಮ್ ಚಿಲುಮೆ ಚಿಮ್ಮಿದ್ದು ಆ ಓಟದ ಕೊನೆಯಲ್ಲಿ. ಹಜ್ ಯಾತ್ರೆಗೆ ಹೋದವರು, ಅರಸನಿರಲಿ ಆಳಿರಲಿ, ಇಂದಿಗೂ ಆ ಒಂಟಿ ತಾಯಿಯ ಹೆಜ್ಜೆಗಳಲ್ಲಿಯೇ ನಡೆಯಬೇಕು. ತಂದೆಯ ಶ್ರದ್ಧೆ ಬಿಡುವುದರಲ್ಲಿ ಕಂಡಿತು, ತಾಯಿಯ ಶ್ರದ್ಧೆ ಉಳಿಸಿಕೊಳ್ಳಲು ಪಟ್ಟ ಪಾಡಿನಲ್ಲಿ ಕಂಡಿತು. ಕೊಳವೆಬಾವಿ ಬತ್ತಿದಾಗ, ಹೇಮಾವತಿ ನಾಲೆಯ ನೀರಿಗೆ ಕಣ್ಣು ನೆಟ್ಟಾಗ, ಕೊಡ ಹೊತ್ತು ದೂರ ನಡೆದ ತಾಯಂದಿರ ಊರಿನವರಾದ ನಮಗೆ ಹಾಜಿರಾಳ ಓಟ ಅರ್ಥವಾಗದ ಸಂಗತಿಯೇನಲ್ಲ.

ಇಬ್ರಾಹೀಮರ ಕನಸಿನ ಬಗ್ಗೆ ಯೋಚಿಸುವಾಗ ಕನ್ನಡಿಗರಾದ ನಮಗೆ ಇನ್ನೊಂದು ಕಥೆ ನೆನಪಾಗದಿರದು. ನಮ್ಮ ತುರುವೇಕೆರೆಯ ಗುಡಿಗಳು ಯಾರ ಆಳ್ವಿಕೆಯಲ್ಲಿ ಎದ್ದವೋ ಆ ಹೊಯ್ಸಳರ ಕಾಲದಲ್ಲೇ, 1209ರಲ್ಲಿ, ವೀರಬಲ್ಲಾಳನ ಆಸ್ಥಾನದ ಜನ್ನ 'ಯಶೋಧರ ಚರಿತೆ'ಯನ್ನು ಬರೆದ. ಅಲ್ಲಿಯೂ ಕನಸಿದೆ: ಮಡದಿಯ ದ್ರೋಹವನ್ನು ಕಂಡು ನೊಂದ ಅರಸ ಯಶೋಧರ ಅದನ್ನು ಕನಸಿನ ನೆಪದಲ್ಲಿ ತಾಯಿಗೆ ಹೇಳುತ್ತಾನೆ. ಅಲ್ಲಿಯೂ ಬಲಿಯಿದೆ: ಮಗನಿಗೆ ಕೇಡಾದೀತೆಂದು ಹೆದರಿದ ತಾಯಿ ದೇವಿಗೆ ಪ್ರಾಣಿಬಲಿ ಕೊಡೆಂದು ಒತ್ತಾಯಿಸುತ್ತಾಳೆ, ಹಿಂಸೆಗೆ ಮನಸ್ಸೊಪ್ಪದ ಮಗ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಕಡಿದದ್ದು ಹಿಟ್ಟನ್ನಾದರೂ ಕಡಿಯುವ ಸಂಕಲ್ಪ ದಿಟವಾಗಿತ್ತು. ಅದರ ಫಲವನ್ನು ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಉಣ್ಣಬೇಕಾಯಿತು. ಇತ್ತ ಇಬ್ರಾಹೀಮರ ಕತ್ತಿ ಮಗನ ಕೊರಳನ್ನು ಕಡಿಯಲೇ ಇಲ್ಲ. ಆದರೂ ಕನಸನ್ನು ನೀನು ದಿಟಗೊಳಿಸಿದೆ ಎಂಬ ಸ್ವೀಕಾರ ಅವರಿಗೆ ಸಿಕ್ಕಿತು. ಅಹಿಂಸೆಯೇ ದೊಡ್ಡದೆಂಬ ಜೈನ ಕಾವ್ಯ ಒಂದು ಕಡೆ, ಶರಣಾಗತಿಯೇ ದೊಡ್ಡದೆಂಬ ಇಸ್ಲಾಂ ಇನ್ನೊಂದು ಕಡೆ. ದಾರಿಗಳು ಬೇರೆಯಾದರೂ ಕೃತ್ಯದ ಜೀವ ಸಂಕಲ್ಪದಲ್ಲಿದೆ ಎಂಬ ಮಾತಿನಲ್ಲಿ ಎರಡೂ ಸೇರುತ್ತವೆ. ಯಶೋಧರನ ತಾಯಿ ಬಲಿ ಬಯಸಿದ್ದು ತನ್ನದನ್ನು ಕಾಪಾಡಿಕೊಳ್ಳಲು. ಇಬ್ರಾಹೀಮರು ಮುಂದಾದದ್ದು ತನ್ನದೆಂಬುದನ್ನೇ ಬಿಡಲು. ನಾವು ದೇವರ ಮುಂದೆ ಇಡುವ ಹರಕೆಗಳಲ್ಲಿ ಅಂಜಿಕೆಯ ವ್ಯಾಪಾರವೆಷ್ಟು, ಅರ್ಪಣೆಯೆಷ್ಟು?

ಹಾಗಾದರೆ ಪ್ರಾಣಿಯ ಜೀವಕ್ಕೆ ಬೆಲೆಯಿಲ್ಲವೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಮಾಯಸಂದ್ರಕ್ಕೆ ಹತ್ತಿರದ ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿದೆ. ಶರಣರ ಮಾತು ಬೇರೂರಿದ ನಾಡು ನಮ್ಮದು. ತನ್ನ ಸಾವನ್ನರಿಯದೆ ತೋರಣದ ಚಿಗುರನ್ನು ಮೇಯುವ ಹರಕೆಯ ಕುರಿಯನ್ನು ಕಂಡು ಬಸವಣ್ಣ ಮರುಗಿದ್ದು ನಮಗೆ ಗೊತ್ತು. ಆ ಮರುಕವನ್ನು ಕಳೆದುಕೊಂಡು ಯಾವ ಧರ್ಮವೂ ದೊಡ್ಡದಾಗದು. ಇಸ್ಲಾಂ ಕೂಡ ಕತ್ತಿ ಹಿಡಿದ ಕೈಗೆ ಮರುಕದ ಕಟ್ಟಳೆಗಳನ್ನೇ ಹಾಕಿದೆ. ಪ್ರಾಣಿಯ ಕಣ್ಣೆದುರು ಕತ್ತಿ ಮಸೆಯಬಾರದು. ಒಂದರ ಎದುರು ಇನ್ನೊಂದನ್ನು ಕೊಯ್ಯಬಾರದು. ಮೊಂಡು ಕತ್ತಿಯಿಂದ ನೋಯಿಸಬಾರದು. ಕುಂಟಿದ್ದು, ಕುರುಡಾದದ್ದು, ರೋಗ ಹತ್ತಿದ್ದು, ಬಡಕಲಾದದ್ದು ಹಬ್ಬದ ಬಲಿಯಾದ ಕುರ್ಬಾನಿಗೆ ಸಲ್ಲದು. ನಮಗೆ ಬೇಡವಾದದ್ದನ್ನು ದೇವರಿಗೆ ಸಾಗಹಾಕುವ ಗುಣ ಮನುಷ್ಯನಲ್ಲಿದೆ. ಈ ನಿಯಮ ಆ ಗುಣಕ್ಕೆ ಹಾಕಿದ ಬೇಲಿ. ಚಿಕ್ಕನಾಯಕನಹಳ್ಳಿ ಕಡೆಯ ಹಟ್ಟಿಗಳಲ್ಲಿ ಮಳೆ ಬಿಸಿಲೆನ್ನದೆ ಕುರಿ ಕಾಯುವವರನ್ನು ಕೇಳಿ; ಮರಿಯಿಂದ ಸಾಕಿದ್ದನ್ನು ಕೈಬಿಡುವಾಗ ಕರುಳು ಏನನ್ನುತ್ತದೆಂದು ಅವರು ಬಲ್ಲರು. ಆ ನೋವು ಒಂದಿಷ್ಟೂ ತಟ್ಟದಿದ್ದರೆ ಕುರ್ಬಾನಿ ಬರಿಯ ಅಡುಗೆಯ ಏರ್ಪಾಡಾಗಿ ಉಳಿಯುತ್ತದೆ. ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ತಲುಪುವುದು ನಿಮ್ಮ ದೈವಭಕ್ತಿಯೆಂದು ಕುರ್‌ಆನಿನ 22ನೆಯ ಅಧ್ಯಾಯ ಸ್ಪಷ್ಟವಾಗಿಯೇ ಹೇಳುತ್ತದೆ.

ದೇವರನ್ನು ತಲುಪದ ಆ ಮಾಂಸ ಹಾಗಾದರೆ ಯಾರನ್ನು ತಲುಪಬೇಕು? ಹಬ್ಬದ ಕಿವಿಮಾತು ಇರುವುದು ಇಲ್ಲಿ. ಮನೆಗೊಂದು ಪಾಲು, ನೆಂಟರಿಷ್ಟರಿಗೊಂದು ಪಾಲು, ಬಡವರಿಗೊಂದು ಪಾಲು ಎಂಬುದು ರೂಢಿ. ಬೇಡುವವರಿಗೂ ಕೊಡಿ, ಬೇಡದೆ ಸುಮ್ಮನಿರುವವರಿಗೂ ಕೊಡಿ ಎಂಬುದು ಕುರ್‌ಆನಿನ ಆಜ್ಞೆ. ಬೇಡುವವರು ಬಾಗಿಲಿಗೆ ಬರುತ್ತಾರೆ. ಮಾನಕ್ಕಂಜಿ ಬಾರದವರ ಬಾಗಿಲಿಗೆ ನಾವೇ ಹೋಗಬೇಕಲ್ಲವೆ? ಹನಫೀ ಪದ್ಧತಿಯಲ್ಲಿ ಅಗತ್ಯಗಳೆಲ್ಲ ಕಳೆದು 52.5 ತೊಲ ಬೆಳ್ಳಿಯ ಬೆಲೆಯಷ್ಟು ಉಳ್ಳವರಿಗಷ್ಟೇ ಕುರ್ಬಾನಿಯ ಹೊಣೆ. ಇಲ್ಲದವನು ಸಾಲ ಮಾಡಿ ಹೆಚ್ಚುಗಾರಿಕೆ ತೋರಬೇಕಾಗಿಲ್ಲ. ಕೊಯ್ದವನಿಗೆ ಕೂಲಿಯೆಂದು ಅದರದೇ ಮಾಂಸವನ್ನೋ ಚರ್ಮವನ್ನೋ ಕೊಡುವಂತಿಲ್ಲ. ಕೂಲಿಯನ್ನು ಕೈಯಿಂದಲೇ ಕೊಡಬೇಕು. 632ರ ಹಜ್ಜಿನಲ್ಲಿ ಪ್ರವಾದಿ ಮುಹಮ್ಮದರು ಅಳಿಯ ಅಲಿಯವರಿಗೆ ವಿಧಿಸಿದ್ದು ಹೀಗೆಯೇ. ದಾನದ ಹೆಸರಿನಲ್ಲಿ ದುಡಿದವನ ಪಾಲನ್ನು ಮುರಿದುಕೊಳ್ಳಬೇಡ ಎಂಬ ಈ ಎಚ್ಚರ ನಮ್ಮೆಲ್ಲ ಜಾತ್ರೆ, ದಾಸೋಹ, ಅನ್ನಸಂತರ್ಪಣೆಗಳಿಗೂ ಬೇಕಾದದ್ದೇ.

ಪ್ರವಾದಿ ಮುಹಮ್ಮದರ ನಡೆನುಡಿಗಳನ್ನು ದಾಖಲಿಸಿದ ಹದೀಸಿನಲ್ಲಿ ಒಂದು ಪ್ರಸಂಗ ಬರುತ್ತದೆ. ಪ್ರವಾದಿಗಳ ಮನೆಯಲ್ಲಿ ಒಂದು ಕುರಿಯನ್ನು ಕೊಯ್ದು ಹಂಚಿದ್ದರು. ಏನು ಉಳಿಯಿತೆಂದು ಅವರು ಕೇಳಿದಾಗ, ಹೆಗಲಿನ ಭಾಗ ಬಿಟ್ಟು ಏನೂ ಉಳಿದಿಲ್ಲವೆಂದರು ಪತ್ನಿ ಆಯಿಶಾ. ಪ್ರವಾದಿಗಳ ಉತ್ತರ ಆ ಲೆಕ್ಕವನ್ನೇ ಮಗುಚಿಹಾಕಿತು: ಹೆಗಲೊಂದನ್ನು ಬಿಟ್ಟು ಉಳಿದದ್ದೆಲ್ಲ ಉಳಿದಿದೆ ಎಂದರು. ಕೊಟ್ಟದ್ದು ಉಳಿಯಿತು, ಇಟ್ಟುಕೊಂಡದ್ದು ಹೋಯಿತು. ನಮ್ಮ ಸರ್ವಜ್ಞನೂ ದಾನವನ್ನು ಮುಂದಿನ ದಾರಿಗೆ ಬುತ್ತಿಯೆಂದೇ ಕಂಡವನು. ಅರೇಬಿಯದ ಆ ಮನೆಯ ಮಾತೂ ಕನ್ನಡದ ತಿರುಕನ ಮಾತೂ ಒಂದೇ ಸತ್ಯಕ್ಕೆ ಬಂದು ನಿಂತವೆಂದರೆ, ಅದು ಮನುಷ್ಯರೆಲ್ಲರೂ ಬದುಕಿ ಕಂಡ ಸತ್ಯವೇ ಇರಬೇಕು.

ಇಷ್ಟಾದರೂ ಬಿಡುವುದು ಒಂದು ಬೆಳಗಿನ ಕೆಲಸವಲ್ಲ. ನಮ್ಮ ಅಟ್ಟದ ಮೇಲಿನ ಕಾಯಿಯನ್ನೇ ನೋಡಿ. ಎಳಸಿದ್ದಾಗ ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡೇ ಇರುತ್ತದೆ. ತಿಂಗಳುಗಟ್ಟಲೆ ಕಾದು, ಒಳಗಿನ ನೀರು ತಾನೇ ಆರಿದ ಮೇಲೆ, ತಿರುಳು ಚಿಪ್ಪಿನಿಂದ ಸಡಿಲವಾಗಿ ಇಡೀ ಉಂಡೆ ಕೊಬ್ಬರಿಯಾಗುತ್ತದೆ. ಮನಸ್ಸು ಸಡಿಲವಾಗುವುದಕ್ಕೂ ಅಂಥದೇ ಕಾಲ ಬೇಕು, ತಾಳ್ಮೆ ಬೇಕು. ಇಬ್ರಾಹೀಮರ ಆ ಒಂದು ಬೆಳಗಿನ ಹಿಂದೆ ಬಿಟ್ಟು ಬಿಟ್ಟು ಹದವಾದ ಒಂದು ಜೀವಮಾನವೇ ಇತ್ತು. ಕುರ್ಬಾನಿ ಕೊಡಬೇಕೆಂದಿರುವವರು ಹಬ್ಬದ ತಿಂಗಳಾದ ಜುಲ್‌ಹಜ್ ಹುಟ್ಟಿದಂದಿನಿಂದ ಕೂದಲು, ಉಗುರು ಕತ್ತರಿಸದೆ ಕಾಯುತ್ತಾರೆ. ಹಬ್ಬದ ದಿನ ನಮಾಜ್ ಮುಗಿಯುವ ಮೊದಲೇ ಅವಸರಪಟ್ಟು ಕೊಯ್ದರೆ ಅದು ಕುರ್ಬಾನಿಯೆನಿಸದು. ಪ್ರಾರ್ಥನೆ ಮೊದಲು, ಕತ್ತಿ ಆಮೇಲೆ. ಈ ಕಾಯುವಿಕೆಯೂ ಅರ್ಪಣೆಯ ಭಾಗವೇ ಅಲ್ಲವೆ?

ಹಿಜರಿ ವರ್ಷದ ಕೊನೆಯ ತಿಂಗಳಲ್ಲಿ ಇಬ್ರಾಹೀಮರ ನೆನಪು ಬರುತ್ತದೆ. ಮೊದಲ ತಿಂಗಳಾದ ಮೊಹರಂನಲ್ಲಿ, 680ರಲ್ಲಿ ಕರ್ಬಲಾದ ಮರಳಿನ ಮೇಲೆ ಅನ್ಯಾಯಕ್ಕೆ ತಲೆಬಾಗದೆ ಪ್ರಾಣ ಕೊಟ್ಟ, ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರ ನೆನಪು ಬರುತ್ತದೆ. ವರ್ಷ ಮುಗಿಯುವುದೂ ತ್ಯಾಗದಲ್ಲಿ, ಮೊದಲಾಗುವುದೂ ತ್ಯಾಗದಲ್ಲಿ. ಆ ಮೊಹರಮ್ಮನ್ನು ಬಾಬಯ್ಯನ ಹಬ್ಬವೆಂದು ಕರೆದು, ಜಾತಿ ಮತ ನೋಡದೆ ಹರಕೆ ಹೊತ್ತ ಹಳ್ಳಿಗಳು ಹಳೆಯ ಮೈಸೂರು ಸೀಮೆಯವು. ಒಬ್ಬರ ತ್ಯಾಗದ ನೆನಪನ್ನು ಎಲ್ಲರೂ ತಮ್ಮದಾಗಿಸಿಕೊಂಡ ನೆಲ ಇದು.

ಹೀಗಿರುವಾಗ ನಮ್ಮ ನಮ್ಮ ಇಸ್ಮಾಯಿಲ್ ಯಾರೆಂದು ನಾವೇ ಕೇಳಿಕೊಳ್ಳಬೇಕು. ಒಬ್ಬರಿಗೆ ಅದು ಬದುವಿನ ಮೇಲಿನ ಒಂದು ತೆಂಗಿನ ಮರ. ಅದಕ್ಕಾಗಿ ದಾಯಾದಿಗಳು ಮಾತು ಬಿಟ್ಟು ಕೋರ್ಟಿಗೆ ಅಲೆಯುತ್ತಾರೆ. ಒಬ್ಬರಿಗೆ ಅದು ತನ್ನ ಮಾತೇ ನಡೆಯಬೇಕೆಂಬ ಹಟ, ಒಬ್ಬರಿಗೆ ಪದವಿ, ಒಬ್ಬರಿಗೆ ಬಹುಕಾಲ ಸಾಕಿಕೊಂಡು ಬಂದ ಒಂದು ಹಗೆ. ಅದನ್ನು ಒಪ್ಪಿಸಲು ಯಾವ ಧರ್ಮದ ಅಡ್ಡಿಯಿದೆ? ಮಗನನ್ನು ಒಪ್ಪಿಸಿದ ತಂದೆ ಮಗನನ್ನು ಕಳೆದುಕೊಳ್ಳಲಿಲ್ಲ. ಮಗ ಜೀವಂತ ಮರಳಿ ದೊರೆತ. ಹೋದದ್ದು ನನ್ನದೆಂಬ ಹಿಡಿತವೊಂದೇ. ಬದುವಿನ ಮರವನ್ನು ಬಿಟ್ಟುಕೊಟ್ಟವನಿಗೂ ಹಾಗೆಯೇ ಅಣ್ಣನೋ ತಮ್ಮನೋ ಮರಳಿ ದೊರೆತಾನು. ಕುರ್ಬಾನಿಯ ದಿನಗಳು ಮೂರಕ್ಕೆ ಮುಗಿಯುತ್ತವೆ. ಬಿಟ್ಟುಕೊಡುವ ಈ ಕೆಲಸಕ್ಕೆ ವರ್ಷದ ಉಳಿದ ದಿನಗಳೆಲ್ಲ ನಮ್ಮೆದುರಿಗಿವೆ. ಅದನ್ನು ಇಂದೇ, ನಮ್ಮ ಮನೆಯಿಂದಲೇ ಶುರುಮಾಡೋಣ.