ಮನೆಯ ಜೀರ್ಣೋದ್ಧಾರ

ದೇವಸ್ಥಾನವನ್ನು ಜೀರ್ಣೋದ್ಧಾರ ಮಾಡುವಾಗ ನಮ್ಮವರು ಒಂದು ಕ್ರಮವನ್ನು ಇಟ್ಟುಕೊಂಡಿದ್ದಾರೆ. ಗರ್ಭಗುಡಿಯ ಕೆಲಸಕ್ಕೆ ಕೈಹಾಕುವ ಮೊದಲು ಮೂರ್ತಿಯಲ್ಲಿರುವ ಸಾನ್ನಿಧ್ಯವನ್ನು ನೀರು ತುಂಬಿದ ಕಲಶಕ್ಕೆ ಬರಮಾಡಿಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಮತ್ತೆ ಮೂರ್ತಿಗೆ ತುಂಬುತ್ತಾರೆ. ಕಲ್ಲು ಬದಲಾದರೂ ಒಳಗಿರುವವನು ಬದಲಾಗಲಿಲ್ಲವೆಂಬ ಸಮಾಧಾನ ಭಕ್ತನಿಗೆ ದೊರೆಯುತ್ತದೆ. ಆದರೆ ಮನುಷ್ಯರು ಬಾಳಿದ ಮನೆಯನ್ನು ಸರಿಪಡಿಸಿದಾಗ ಒಳಗಿದ್ದವರು ಹಿಂದಿರುಗುವುದಿಲ್ಲ. ಹಾಗಿದ್ದ ಮೇಲೆ ನಾವು ಉಳಿಸಿಕೊಂಡದ್ದು ಏನನ್ನು?

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ ಓಡಾಡುವಾಗ ಈ ಪ್ರಶ್ನೆ ಏಳದೆ ಇರದು. ಗಣಿ ವ್ಯಾಪಾರದಲ್ಲಿ ಸಿರಿವಂತರಾದ ಮಾಣಿಕ್ಯವೇಲು ಮೊದಲಿಯಾರರ ಬಂಗಲೆ ಅದು. ಕಾಲಾಂತರದಲ್ಲಿ ಮನೆತನದ ಕೈಬಿಟ್ಟು, ಸರ್ಕಾರದ ವಶಕ್ಕೆ ಬಂದು, ದುರಸ್ತಿಗೊಂಡು, 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಬೆಂಗಳೂರು ಶಾಖೆಯಾಯಿತು. ದೆಹಲಿಯಲ್ಲಿ ಈ ಸಂಸ್ಥೆ 1954ರಲ್ಲಿ ಆರಂಭವಾದದ್ದೂ ಜಯಪುರದ ಮಹಾರಾಜರ ನಿವಾಸವಾಗಿದ್ದ ಜಯಪುರ ಹೌಸಿನಲ್ಲಿಯೇ. ಒಡೆಯರು ಬಿಟ್ಟ ಮನೆಗಳಿಗೆ ಚಿತ್ರಗಳು ಒಕ್ಕಲು ಬರುವುದು ನಮ್ಮಲ್ಲಿ ಹೊಸತೇನಲ್ಲ.

ನಾಗಸೇನನು ಮಿಲಿಂದ ರಾಜನನ್ನು ಕೇಳಿದ ಪ್ರಶ್ನೆ ಪ್ರಸಿದ್ಧವಾದದ್ದು: ರಥವೆಂದರೆ ಚಕ್ರವೆ, ಅಚ್ಚೆ, ನೊಗವೆ? ಯಾವುದೂ ಅಲ್ಲ, ಎಲ್ಲ ಕೂಡಿದಾಗ ಬರುವ ಹೆಸರು ಮಾತ್ರ. ಮನೆಯ ವಿಷಯದಲ್ಲಿ ಈ ಉತ್ತರ ನನಗೆ ಸಾಲದು. ರಥಕ್ಕೆ ನೆನಪಿಲ್ಲ, ಮನೆಗೆ, ಅದರಲ್ಲಿ ಹುಟ್ಟಿ ಸತ್ತವರ ಮೂಲಕ, ನೆನಪುಂಟು. ಅದನ್ನು ಸುಣ್ಣ ಬಳಿದು ಮುಚ್ಚುವ ಅಧಿಕಾರ ನಮಗೆ ಎಲ್ಲಿಂದ ಬಂತು? (ಕನ್ನಡದಲ್ಲಿ ಕಲೆಯೆಂದರೆ ಅಳಿಯದ ಗುರುತೂ ಹೌದು. ಗೋಡೆಯ ಮೇಲಿನ ಆ ಕಲೆಯನ್ನು ತೊಡೆದು ಈ ಕಲೆಯನ್ನು ತೂಗುಹಾಕುತ್ತೇವೆ.)

ಇನ್ನೊಂದು ದಾರಿಯೂ ಇದೆಯೆನ್ನಬಹುದು: ಹಳೆಯ ಮಂಚ, ಹಳೆಯ ಕನ್ನಡಿ, ಊಟದ ಮೇಜು ಎಲ್ಲವನ್ನೂ ತಂದಿಟ್ಟು, ಯಜಮಾನರು ಈಗತಾನೆ ಎದ್ದುಹೋದರೆಂಬಂತೆ ತೋರಿಸುವುದು. ನನಗೆ ಅದು ಹಿಡಿಸದು. ಯಾರೂ ಮಲಗದ ಹಾಸಿಗೆಗೆ ಮಡಿಕೆಯಿಲ್ಲದ ಹೊದಿಕೆ ಹಾಸಿ, ಸುತ್ತ ಹಗ್ಗ ಕಟ್ಟುವುದರಲ್ಲಿ ನೆನಪಿಗಿಂತ ನಟನೆಯೇ ಹೆಚ್ಚು. ಅದಕ್ಕೆ ಹೋಲಿಸಿದರೆ ಚಿತ್ರಶಾಲೆ ಪ್ರಾಮಾಣಿಕವಾದದ್ದು; ಹಳಬರು ಹೋದರು, ಹೊಸಬರು ಬಂದಿದ್ದಾರೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅರಮನೆ ರಸ್ತೆಯಲ್ಲಿ ಹಳೆಯ ಬಂಗಲೆಗೆ ಸೇರಿಸಿ ಕಟ್ಟಿದ ಹೊಸ ಭಾಗವೂ ಹಳತರ ವೇಷ ತೊಟ್ಟಿಲ್ಲ. ಎರಡೂ ತಮ್ಮ ತಮ್ಮ ವಯಸ್ಸನ್ನು ಒಪ್ಪಿಕೊಂಡು ನಿಂತಿವೆ.

ಆದರೂ ಒಂದು ಸಾಲ ತೀರಿಲ್ಲವೆಂದೇ ತೋರುತ್ತದೆ. ಕಟ್ಟಡದ ಹೆಸರಿನಲ್ಲಿ ಒಡೆಯರು ಉಳಿದರು. ಅಂಥ ದೊಡ್ಡ ಮನೆ ನಿಲ್ಲಬೇಕಾದರೆ ಒಲೆಯ ಮುಂದೆ ಬೆವರಿದವರು, ನೀರು ಹೊತ್ತವರು, ತೋಟ ನೋಡಿಕೊಂಡವರು ಎಷ್ಟೋ ಮಂದಿ ಬೇಕು. ಅವರು ಹೆಸರಿನಲ್ಲಿಯೂ ಇಲ್ಲ. ಒಮ್ಮೆ ನನ್ನ ಮುಂದೆ ಹೋಗುತ್ತಿದ್ದ ವೃದ್ಧೆಯೊಬ್ಬರು ಮೊಮ್ಮಗಳನ್ನು, "ಇಲ್ಲಿ ಅಡಿಗೆಮನೆ ಯಾವ ಕಡೆಗಿತ್ತೆ?" ಎಂದು ಕೇಳಿದರು. "ಇದು ಮ್ಯೂಸಿಯಂ ಅಜ್ಜೀ" ಎಂದು ಹುಡುಗಿ ನಕ್ಕಳು. ಆಕೆ ಕೇಳಿದ್ದು ಸರಿಯಾದ ಪ್ರಶ್ನೆ. ಚಿತ್ರಗಳ ನಡುವೆ ಒಂದೇ ಒಂದು ಕೋಣೆಯಲ್ಲಾದರೂ ಅದಕ್ಕೆ ಉತ್ತರವಿದ್ದರೆ ಚಿತ್ರಗಳಿಗೇನೂ ನಷ್ಟವಾಗದು.

ಹಾಗೆಂದು ಆ ಬಾಗಿಲನ್ನು ಮುಚ್ಚಬೇಕಿತ್ತೆಂದು ನಾನು ಹೇಳಲಾರೆ. ಮೊದಲಿಯಾರರ ಕಾಲದಲ್ಲಿ ನನ್ನಂಥ ಮೇಷ್ಟ್ರು ಯಾರದೋ ಶಿಫಾರಸಿನ ಪತ್ರ ಹಿಡಿದು ಗೇಟಿನ ಬಳಿ ಕಾಯಬೇಕಾಗುತ್ತಿತ್ತು. ಈಗ ಅಲ್ಪ ಬೆಲೆಯ ಟಿಕೆಟು ಕೊಂಡವರು ಯಾರಾದರೂ ಮುಂಬಾಗಿಲಿನಿಂದಲೇ ಒಳಗೆ ಹೋಗಬಹುದು; ಅಂಗಳದ ಮರದ ನೆರಳಿನಲ್ಲಿ ಸಂಜೆಯವರೆಗೆ ಕುಳಿತರೂ, ಯಾರ ಕಡೆಯವರೆಂದು ಕೇಳುವವರಿಲ್ಲ.