ಚದುರಂಗದ ಬೊಂಬೆಯೂ ಸಮದೃಷ್ಟಿಯೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಗಳಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವ ಪದ್ಧತಿ ಹಳೆಯದು. ದೇವರಿಗೆ ಮೇಲಿನ ಮೆಟ್ಟಿಲು, ಸೆಟ್ಟಿ-ಸೆಟ್ಟಿತಿಯರಿಗೆ ಕೆಳಗಿನದು. ಯಾರ ಸ್ಥಾನ ಯಾವುದೆಂಬುದರಲ್ಲಿ ಅಲ್ಲಿ ಸಂದೇಹವಿಲ್ಲ. ಆದರೆ ಅವೇ ಬೊಂಬೆಗಳನ್ನು ಎರಡು ಮೂರು ಅಂಗುಲಕ್ಕೆ ಕಿರಿದು ಮಾಡಿ ಚದುರಂಗದ ಮಣೆಯ ಮೇಲೆ ನಿಲ್ಲಿಸಿದರೆ ಒಂದು ತೊಡಕು ಹುಟ್ಟುವುದು. ಮಣೆಗೆ ಮೆಟ್ಟಿಲುಗಳಿಲ್ಲ. ಎದುರುಬದುರಾಗಿ ಎರಡು ಪಕ್ಷಗಳು, ಒಂದೊಂದರಲ್ಲಿ 16 ಕಾಯಿ, ಎರಡಕ್ಕೂ ಒಂದೇ ಬಲ. ರಾಮಾಯಣದ ಚದುರಂಗವನ್ನು ಮಾಡಿಸುವವನು ಒಂದು ಕಡೆ ರಾಮನನ್ನೂ ಇನ್ನೊಂದು ಕಡೆ ರಾವಣನನ್ನೂ ರಾಜರನ್ನಾಗಿ ನಿಲ್ಲಿಸುವನು. ಆಗ ಬಣ್ಣ ಹಾಕುವವನು ಎದುರಿಸಬೇಕಾದ ಪ್ರಶ್ನೆಯಿದು: ಧರ್ಮಪಕ್ಷಕ್ಕೆ ಕೊಟ್ಟಷ್ಟೇ ಶ್ರದ್ಧೆಯನ್ನು ಅಧರ್ಮಪಕ್ಷಕ್ಕೂ ಕೊಡಬೇಕೆ?

ಆಟದ ಸಾಮಾನಿನ ವಿಷಯದಲ್ಲಿ ಇಷ್ಟೊಂದು ವಿಚಾರವೇಕೆಂದು ಯಾರೂ ನಗಬೇಕಾದುದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು ಒಂದೊಂದು ಮನೆಗೂ ಒಂದೊಂದೇ ಸಲ ಮುಟ್ಟಿಸಿ ಮಣೆಯನ್ನೆಲ್ಲ ಸುತ್ತಿಸುವ ಬಂಧಗಳನ್ನು ರಚಿಸಿದರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳಿಗೂ ಸ್ಥಾನವುಂಟು. ಎದುರುಪಕ್ಷಕ್ಕೆ ರೂಪು ಕೊಡುವ ಪ್ರಶ್ನೆಯೂ ಪುರಾಣಕ್ಕೆ ಮಾತ್ರ ಸೇರಿದುದಲ್ಲ. 19ನೆಯ ಶತಮಾನದಲ್ಲಿ ಈ ದೇಶದ ಕುಶಲಿಗಳು ಕುಂಪಣಿಯ ಸೈನ್ಯವನ್ನು ಒಂದು ಪಕ್ಷವಾಗಿಯೂ ದೇಶೀಯ ಅರಸರ ಸೈನ್ಯವನ್ನು ಇನ್ನೊಂದು ಪಕ್ಷವಾಗಿಯೂ ದಂತದಲ್ಲಿ ಕೆತ್ತಿ ಬಣ್ಣವಿಡುತ್ತಿದ್ದರು. ಇದಕ್ಕೆ ಪ್ರತಿಯಾಗಿ, 1849ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದು ಇಂದು ಪಂದ್ಯಗಳಲ್ಲೆಲ್ಲ ನಡೆಯುವ ಸ್ಟಾಂಟನ್ ಮಾದರಿಯ ಕಾಯಿಗಳಲ್ಲಿ ಕುದುರೆಯೊಂದಕ್ಕಲ್ಲದೆ ಬೇರೆ ಯಾವುದಕ್ಕೂ ಮುಖವೇ ಇಲ್ಲ. ಮುಖವಿಲ್ಲದೆಡೆಯಲ್ಲಿ ಪಕ್ಷಪಾತಕ್ಕೆ ಅವಕಾಶವಿಲ್ಲ. ಮುಖವನ್ನು ಬರೆಯಲು ಕುಂಚವನ್ನೆತ್ತಿದೊಡನೆ ಪಕ್ಷಪಾತವೂ ಬಾಗಿಲಿಗೆ ಬಂದು ನಿಲ್ಲುವುದು.

ಅದು ಒಳಗೆ ಬರುವ ಬಗೆಯನ್ನು ನೋಡಬೇಕು. ಚನ್ನಪಟ್ಟಣದ ಬೊಂಬೆಗೆ ತಿರುಗಣೆಯ ಮೇಲಿರುವಾಗಲೇ ಅರಗಿನ ಬಣ್ಣ ಹತ್ತುವುದು. ಕಣ್ಣು ಮೂಗುಗಳುಳ್ಳ ಬೊಂಬೆಗಾದರೋ ಕುಂಚವೇ ಬೇಕು. ಮರವನ್ನು ನುಣುಪಾಗಿ ಉಜ್ಜಿ, ಬಿಳಿಯ ಬಣ್ಣದ ಒಂದು ಲೇಪ ಕೊಟ್ಟು, ಅದು ಆರಿದ ಮೇಲೆ ಮೈಬಣ್ಣ, ಉಡುಗೆ, ಒಡವೆ, ಕಟ್ಟಕಡೆಗೆ ಕಣ್ಣು ಎಂಬುದು ಕ್ರಮ. ರಾಮನಿಗೆ ಬರೆಯಬೇಕಾದ ಕಣ್ಣು ಎರಡು, ರಾವಣನಿಗೆ ಇಪ್ಪತ್ತು. ಬೆಳಗಿನ ಬೆಳಕಿನಲ್ಲಿ ಪ್ರೀತಿಯ ಪಕ್ಷವನ್ನು ಮುಗಿಸಿ, ಕಣ್ಣು ದಣಿದ ಮೇಲೆ ಇನ್ನೊಂದಕ್ಕೆ ಕೈಹಾಕಿದವನು ನಡುವಿನ ಮುಖವೊಂದನ್ನು ತಿದ್ದಿ, ಮಿಕ್ಕ ಒಂಬತ್ತಕ್ಕೆ ಚುಕ್ಕೆಯಿಟ್ಟು ಎದ್ದುಬಿಡುವನು. ಇದನ್ನು ಅವನು ದ್ವೇಷದಿಂದ ಮಾಡಿದನೆನ್ನಲಾಗದು. ಪ್ರೀತಿಯಿಲ್ಲದೆಡೆಯಲ್ಲಿ ಆಲಸ್ಯವು ತಾನಾಗಿಯೇ ನುಗ್ಗಿತು, ಅಷ್ಟೆ. ಲೋಕದ ಅನ್ಯಾಯದಲ್ಲಿ ಬಹುಪಾಲು ಹೀಗೆಯೇ ನಡೆಯುವುದು.

ಇದಕ್ಕೆ ಪೂರ್ವಪಕ್ಷವುಂಟು. ರಾವಣನಿಗೂ ರಾಮನಷ್ಟೇ ಸೊಬಗನ್ನು ಕೊಟ್ಟರೆ ಮಕ್ಕಳ ಮನಸ್ಸಿನಲ್ಲಿ ಧರ್ಮಾಧರ್ಮಗಳ ಭೇದ ಅಳಿಸಿಹೋಗದೆ? ಪರಸ್ತ್ರೀಯನ್ನು ಕದ್ದೊಯ್ದವನ ಕಿರೀಟಕ್ಕೆ ಹೊಂಬಣ್ಣವನ್ನು ಜತನದಿಂದ ಬಳಿಯುವುದು ಅವನಿಗೆ ಸಲ್ಲಿಸಿದ ಮರ್ಯಾದೆಯಾಗದೆ? ಮನೆಯ ಹಿರಿಯರು ಹೀಗೆ ಆಕ್ಷೇಪಿಸಿದರೆ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಇದಕ್ಕೆ ಸಮಾಧಾನವು ಈ ಸೀಮೆಯ ಕಲ್ಲಿನಲ್ಲಿಯೇ ಇದೆ. ಹಳೇಬೀಡಿನ ಗೋಡೆಯ ಮೇಲೆ ರಾವಣನು ಕೈಲಾಸವನ್ನೆತ್ತುವ ಶಿಲ್ಪವಿದೆ. ಶಿಲ್ಪಿಯು ಅವನ ತಲೆಗಳನ್ನೂ ತೋಳುಗಳನ್ನೂ ಒಡವೆಗಳನ್ನೂ ದೇವತೆಗಳಿಗೆ ಸಲ್ಲುವ ಶ್ರದ್ಧೆಯಿಂದಲೇ ಬಿಡಿಸಿದ್ದಾನೆ. ಅದನ್ನು ನೋಡಿ ರಾವಣಭಕ್ತನಾಗಿ ಹಿಂತಿರುಗಿದವನಾರು? ಎತ್ತುವವನ ಬಲ ದೊಡ್ಡದಾಗಿ ಕಂಡಷ್ಟೂ ಮೇಲೆ ಕುಳಿತವನ ಮಹಿಮೆ ಬೆಳೆಯುವುದು. ಕುರೂಪಿಯೂ ಅಶಕ್ತನೂ ಆದ ವೈರಿಯನ್ನು ಗೆದ್ದನೆಂದರೆ ರಾಮನಿಗೆ ಬರುವ ಕೀರ್ತಿಯಾದರೂ ಏನು? ರಾವಣನು ಬಿದ್ದ ಮೇಲೆ ಅವನಿಗೆ ಸಂಸ್ಕಾರ ಮಾಡಲು ವಿಭೀಷಣನು ಹಿಂಜರಿದಾಗ, ಮರಣದೊಡನೆ ವೈರವೂ ತೀರಿತೆಂದು ತಿಳಿಹೇಳಿ ಮಾಡಿಸಿದವನು ರಾಮನೇ. ಗೆದ್ದವನೇ ಅಷ್ಟು ಮರ್ಯಾದೆ ತೋರಿಸಿರಲು, ಬಣ್ಣ ಹಾಕುವವನು ರಾಮನಿಗಿಂತ ಮಿಗಿಲಾದ ರಾಮಪಕ್ಷಪಾತಿಯಾಗಬೇಕಾದುದಿಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ದಕ್ಷಿಣದ ಗೋಡೆಯಲ್ಲಿ ಬೈಚೋಜನ ಕೆಲಸವೂ ಉತ್ತರದ ಗೋಡೆಯಲ್ಲಿ ಮಲ್ಲಿತಮ್ಮನ ಕೆಲಸವೂ ಕಾಣುವುವು. ಇಬ್ಬರ ಕೈ ಬೇರೆ, ಶೈಲಿ ಬೇರೆ. ದೇವಾಲಯ ಮಾತ್ರ ಒಂದೇ. ಚದುರಂಗದಲ್ಲಿ ಇದರ ವಿಪರ್ಯಾಸವು ಸಂಭವಿಸಬಹುದು. ಕೈ ಒಬ್ಬನದೇ ಆದರೂ, ಮನಸ್ಸು ಒಂದು ಕಡೆಗೆ ವಾಲಿದುದರಿಂದ, ಒಂದು ಪಕ್ಷವನ್ನು ಕುಶಲಿಯೂ ಇನ್ನೊಂದನ್ನು ಕೂಲಿಯವನೂ ಮಾಡಿದಂತೆ ತೋರುವುದು.

ಎಲ್ಲಕ್ಕಿಂತ ಮುಖ್ಯವಾದ ಕಾರಣವೊಂದು ಉಳಿದಿದೆ. ಆ ರಾವಣನ ಹಿಂದೆ ಕುಳಿತು ಕಾಯಿ ನಡೆಸುವವನು ರಾವಣನಲ್ಲ. ಮನೆಗೆ ಬಂದ ನೆಂಟನು, ನೆರೆಮನೆಯ ಹುಡುಗನು, ಇಲ್ಲವೆ ಸ್ವಂತ ತಮ್ಮನು. ಅವನಿಗೆ ಅರೆಬರೆ ಬಣ್ಣದ ಸೈನ್ಯವನ್ನು ಕೊಟ್ಟು ಎದುರಿಗೆ ಕೂರಿಸುವುದೆಂದರೆ ಅತಿಥಿಗೆ ಹರಿದ ಎಲೆಯಲ್ಲಿ ಬಡಿಸಿದಂತೆ. ಚದುರಂಗದಲ್ಲಿ ಪಕ್ಷವು ಪಾಲಿಗೆ ಬಂದದ್ದು, ಆರಿಸಿಕೊಂಡದ್ದಲ್ಲ; ಮುಂದಿನ ಆಟಕ್ಕೆ ಮಣೆಯನ್ನು ತಿರುಗಿಸಿದರೆ ಮನೆಯ ಯಜಮಾನನೇ ಲಂಕೆಯ ಕಡೆಗೆ ಕೂರಬೇಕಾಗುವುದು.

ಹಾಗೆಂದು ಸಮದೃಷ್ಟಿಯೆಂದರೆ ಸಮರೂಪವೆಂದು ತಿಳಿಯಬಾರದು. ರಾವಣನ ಮುಖದಲ್ಲಿ ಗರ್ವವು ಕಾಣಲಿ, ರಾಮನ ಮುಖದಲ್ಲಿ ಶಾಂತಿಯು ಕಾಣಲಿ. ಕಾಣದಿದ್ದರೆ ಅದು ಚಿತ್ರಗಾರನ ಲೋಪವೇ ಸರಿ. ಗರ್ವವನ್ನು ಗರ್ವವೆಂದು ತೋರಿಸುವುದಕ್ಕೂ ನಿಪುಣವಾದ ಕೈ ಬೇಕು. ಧರ್ಮಾಧರ್ಮಗಳ ಭೇದವು ಬರೆದ ಭಾವದಲ್ಲಿರಬೇಕೇ ಹೊರತು ಬರೆಯುವ ಶ್ರದ್ಧೆಯಲ್ಲಿ ಇರಕೂಡದು. ಇದಕ್ಕೆ ಸುಲಭವಾದ ಉಪಾಯವೂ ಉಂಟು. ಒಂದು ಪಕ್ಷವನ್ನು ಮುಗಿಸಿ ಇನ್ನೊಂದಕ್ಕೆ ಹೋಗದೆ, ಒಂದೊಂದು ಹಂತವನ್ನೂ 32 ಕಾಯಿಗಳಿಗೆ ಒಟ್ಟಿಗೆ ನಡೆಯಿಸಿ, ಪ್ರತಿ ಹಂತವನ್ನೂ ಒಲವಿಲ್ಲದ ಪಕ್ಷದ ಕಾಲಾಳುಗಳಿಂದ ಆರಂಭಿಸಬೇಕು. ಮೊದಲು ಸಾಯುವವರೂ ಕಡೆಯಲ್ಲಿ ನೆನಪಾಗುವವರೂ ಅವರೇ. ದಣಿಯದ ಕಣ್ಣು ಮೊದಲು ಅವರಿಗೆ ಸಲ್ಲಲಿ. ರಾಮನಿಗೆ ಪ್ರೀತಿಯು ಹೇಗಿದ್ದರೂ ಸಲ್ಲುವುದು.